ಸೊಂಟದಿಂದ ಹುಟ್ಟಿದ ಸುತ್ತು

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕನ್ನಡಿಗರು. ಮಗಳ ಶಾಲೆಯಲ್ಲಿ ಆಸ್ಟ್ರೇಲಿಯಾದ ರಾಷ್ಟ್ರಗೀತೆ ಹಾಡಿಸುತ್ತಾರೆ. ಅದರಲ್ಲಿ ‘ಗರ್ಟ್’ ಎಂಬ ಪದ ಬರುತ್ತದೆ. ಹಾಗೆಂದರೇನು ಅಂತ ಮಗಳು ಕೇಳಿದಳು. ನಿಘಂಟಿನಲ್ಲಿ ‘ಗರ್ಡ್’ ಎಂಬ ಕ್ರಿಯಾಪದದ ರೂಪ, ‘ಸುತ್ತುವರಿದ’ ಎಂದು ಅರ್ಥ ಕೊಟ್ಟಿದ್ದಾರೆ. ಸುತ್ತುವರಿಯುವುದಕ್ಕೆ ‘ಸರೌಂಡ್’ ಇರುವಾಗ ಇದು ಯಾಕೆ ಬೇಕಾಯಿತು? ಈಗಲೂ ಬಳಕೆಯಲ್ಲಿದೆಯೇ? ಕನ್ನಡದಲ್ಲಿ ಇದಕ್ಕೆ ಒಪ್ಪುವ ಮಾತು ಯಾವುದು?
— ಓದುಗರೊಬ್ಬರು, ಮೆಲ್ಬರ್ನ್

ಉತ್ತರ: ನಿಮ್ಮ ಮಗಳಿಗೆ ಈ ಪದ ತೊಡಕಾದದ್ದು ಸಹಜ. ಆಸ್ಟ್ರೇಲಿಯಾದವರೇ ಇದನ್ನು ಹಿಡಿದು ತಮಾಷೆ ಮಾಡುತ್ತಾರೆ. ಡೇವಿಡ್ ಹಂಟ್ ಎಂಬ ಲೇಖಕರು ತಮ್ಮ ದೇಶದ ಚರಿತ್ರೆಯನ್ನು ನಗೆಯಾಡುತ್ತ ಬರೆದು 2013ರಲ್ಲಿ ಹೊರತಂದ ಪುಸ್ತಕದ ಹೆಸರೇ ‘ಗರ್ಟ್’. ರಾಷ್ಟ್ರಗೀತೆಯಲ್ಲಿ ಬಿಟ್ಟರೆ ದಿನಬಳಕೆಯ ಮಾತಿನಲ್ಲಿ ಅಲ್ಲಿಯವರೂ ಈ ಪದವನ್ನು ಆಡುವುದಿಲ್ಲ.

ನಿಘಂಟು ಹೇಳಿದ್ದು ತಪ್ಪಲ್ಲ, ಅರ್ಧ ಮಾತ್ರ. ಗರ್ಡ್ ಎಂದರೆ ಮೊದಲು ಸೊಂಟಕ್ಕೆ ಪಟ್ಟಿ ಬಿಗಿಯುವುದು. ಸುತ್ತುವರಿಯುವ ಅರ್ಥ ಅದರಿಂದ ಆಮೇಲೆ ಹುಟ್ಟಿದ್ದು. ಆದ್ದರಿಂದಲೇ ಈ ಕ್ರಿಯಾಪದದಲ್ಲಿ ಸುತ್ತಲೂ ಇರುವುದರ ಜೊತೆಗೆ ಬಿಗಿಯುವುದು, ಬಲ ಕೊಡುವುದು, ಅಣಿಯಾಗುವುದು ಇವೂ ಸೇರಿಕೊಂಡಿವೆ. ಸೊಂಟಪಟ್ಟಿಯನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದ ಬಳಕೆಗಳೆಲ್ಲ ತಾವಾಗಿ ಬಿಡಿಸಿಕೊಳ್ಳುತ್ತವೆ.

ಮೊದಲು ರೂಪಗಳನ್ನು ನೋಡೋಣ. ಜಿ, ಐ, ಆರ್, ಡಿ ನಾಲ್ಕು ಅಕ್ಷರ. ಭೂತಕಾಲಕ್ಕೆ ಎರಡು ರೂಪ ಇವೆ: ‘ಗರ್ಡೆಡ್’ ಮತ್ತು ‘ಗರ್ಟ್’. ಮೊದಲಿನದು ಗದ್ಯಕ್ಕೆ ಹೊಂದುತ್ತದೆ, ಎರಡನೆಯದು ಪದ್ಯದ ಸೊತ್ತು. ಕಾವಲಿನ ‘ಗಾರ್ಡ್’ಗೂ ಇದಕ್ಕೂ ನಂಟಿಲ್ಲ, ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ಅಣ್ಣತಮ್ಮಂದಿರಂತೆ ಕಂಡರೂ ಮೂಲ ಬೇರೆ ಬೇರೆ. ನಿಜವಾದ ನೆಂಟರು ಬೇರೆ ಕಡೆ ಇದ್ದಾರೆ. ಸೊಂಟಪಟ್ಟಿಗೆ ‘ಗರ್ಡಲ್’ ಎನ್ನುತ್ತಾರೆ. ಕುದುರೆಯ ಜೀನು ಜಾರದಂತೆ ಹೊಟ್ಟೆಯ ಸುತ್ತ ಬಿಗಿಯುವ ಪಟ್ಟಿಗೆ ‘ಗರ್ತ್’ ಎಂದು ಹೆಸರು. ಅದೇ ಪದ ಮುಂದೆ ಸುತ್ತಳತೆ ಎಂಬ ಅರ್ಥಕ್ಕೆ ತಿರುಗಿತು. ಅರಣ್ಯ ಇಲಾಖೆಯವರು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಮರಕ್ಕೆ ಟೇಪು ಸುತ್ತಿ ಬರೆದುಕೊಳ್ಳುವ ಲೆಕ್ಕ ಇದೇ ಗರ್ತ್. ಇನ್ನೊಬ್ಬ ನೆಂಟನಂತೂ ಬೆಂಗಳೂರಿಗರಿಗೆ ತೀರ ಪರಿಚಿತ. ಮೆಟ್ರೊ ಕಾಮಗಾರಿಯ ಸುದ್ದಿಯಲ್ಲಿ ಆಗಾಗ ಬರುವ ‘ಗರ್ಡರ್’ ಕೂಡ ಇದೇ ಕ್ರಿಯಾಪದದಿಂದ ಬಂದದ್ದು: ಬಿಗಿದು ಹಿಡಿಯುವಂಥದ್ದು, ಭಾರ ಹೊರುವ ಮುಖ್ಯ ತೊಲೆ. ಬೇಲಿ ಸುತ್ತಿದ ಅಂಗಳಕ್ಕೆ ಹೇಳುವ ‘ಯಾರ್ಡ್’, ತೋಟಕ್ಕೆ ಹೇಳುವ ‘ಗಾರ್ಡನ್’ ಇವೂ ಇದೇ ಕುಟುಂಬದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಇಂಗ್ಲಿಷಿನಲ್ಲಿ ಈ ಪದ ಗಟ್ಟಿಯಾಗಿ ನೆಲೆಯೂರಿದ್ದಕ್ಕೆ ದೊಡ್ಡ ಕಾರಣ ಬೈಬಲ್. 1611ರಲ್ಲಿ ಹೊರಬಂದ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಸೊಂಟ ಬಿಗಿದುಕೊಳ್ಳುವ ಮಾತು ಮತ್ತೆ ಮತ್ತೆ ಬರುತ್ತದೆ. ಬೈಬಲಿನ ಕಥೆಗಳ ಕಾಲದ ಪಶ್ಚಿಮ ಏಷ್ಯಾದ ಉಡುಗೆ ಕಾಲ್ಗಿಣ್ಣಿನವರೆಗೆ ಇಳಿಬಿದ್ದ ನಿಲುವಂಗಿ. ಅದನ್ನು ಹಾಗೇ ಬಿಟ್ಟುಕೊಂಡು ಓಡಲಾಗದು, ಹೊಲದಲ್ಲಿ ಬಗ್ಗಲಾಗದು, ಕತ್ತಿ ಹಿಡಿದು ಕಾದಲಂತೂ ಆಗದು. ಕೆಲಸ ಬಂತೆಂದರೆ ಅಂಗಿಯ ಅಂಚನ್ನು ಮೊಣಕಾಲಿನ ಮೇಲಕ್ಕೆ ಎತ್ತಿ, ನಡುವಿನ ಪಟ್ಟಿಗೆ ಸಿಕ್ಕಿಸಿ, ಪಟ್ಟಿಯನ್ನು ಬಿಗಿಯಬೇಕು. ಅರಸುಗಳ ಮೊದಲನೆಯ ಪುಸ್ತಕದಲ್ಲಿ ಎಲೀಯನ ಪ್ರಸಂಗ ಇದೆ. ವರ್ಷಗಟ್ಟಲೆಯ ಬರ ಮುಗಿದು ಮುಗಿಲು ಕಪ್ಪಾಗುತ್ತದೆ, ಗಾಳಿ ಏಳುತ್ತದೆ, ದೊಡ್ಡ ಮಳೆ ಸುರಿಯುತ್ತದೆ. ಅರಸ ಅಹಾಬ ರಥ ಏರಿ ಹೊರಡುತ್ತಾನೆ. ಪ್ರವಾದಿ ಎಲೀಯ ಸೊಂಟ ಬಿಗಿದುಕೊಂಡು ಆ ರಥಕ್ಕೂ ಮುಂದಾಗಿ ಇಜ್ರೇಲಿನ ಬಾಗಿಲವರೆಗೆ ಓಡುತ್ತಾನೆ. ಅಲ್ಲಿ ಗರ್ಡ್ ಅಲಂಕಾರದ ಮಾತಲ್ಲ, ಅಂಗಿ ಎತ್ತಿ ಕಟ್ಟಿದ ಮಾತು. ವಿಮೋಚನಕಾಂಡದಲ್ಲಿ ಯೆಹೂದ್ಯರ ಪಸ್ಕ ಹಬ್ಬದ ಊಟವನ್ನು ಸೊಂಟ ಬಿಗಿದು, ಕಾಲಿಗೆ ಕೆರ ಮೆಟ್ಟಿ, ಕೈಯಲ್ಲಿ ಕೋಲು ಹಿಡಿದು ಉಣ್ಣಬೇಕೆಂಬ ಕಟ್ಟಳೆ ಇದೆ. ಯಾವ ಗಳಿಗೆಯಲ್ಲಾದರೂ ಹೊರಡಲು ಸಿದ್ಧವಾಗಿರಬೇಕು ಎಂಬುದು ಅದರ ತಾತ್ಪರ್ಯ.

ಗದ್ದೆಗಿಳಿಯುವ ಮೊದಲು ಪಂಚೆ ಎತ್ತಿ ಕಚ್ಚೆ ಹಾಕುವವರನ್ನು, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಾಟಿಗೆ ನಿಲ್ಲುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದ ‘ಟೊಂಕ ಕಟ್ಟಿ ನಿಲ್ಲು’ ಹುಟ್ಟಿದ್ದೂ ಇಂಥದೇ ಕೆಲಸದಿಂದ. ಕನ್ನಡ ಬೈಬಲಿನಲ್ಲಿ ಇದಕ್ಕೆ ‘ನಡುಕಟ್ಟು’ ಎಂಬ ಮಾತು ಬಂದಿದೆ. ಸಂಸ್ಕೃತದಿಂದ ಬಂದ ‘ಕಟಿಬದ್ಧ’ವೂ ಅದೇ. ಮಾತು ಎರಡೂ ಕಡೆ ಒಂದೇ ದಾರಿ ಹಿಡಿಯಿತು: ಬಟ್ಟೆ ಕಟ್ಟುವುದು ಮರೆಯಾಗಿ ಮನಸ್ಸು ಕಟ್ಟುವುದು ಉಳಿಯಿತು. ಇಂದು ಟೊಂಕ ಕಟ್ಟಿ ನಿಂತ ಶಾಸಕರು ಪ್ಯಾಂಟು ಹಾಕಿಕೊಂಡೇ ಇರಬಹುದು.

ಇಲ್ಲಿ ಒಂದು ಎಚ್ಚರ ಬೇಕು. ನಮ್ಮಲ್ಲಿ ‘ಕಂಕಣ ತೊಡು’ ಎಂಬ ಇನ್ನೊಂದು ಮಾತಿದೆ. ಅದು ಕೈಗೆ ಕಟ್ಟುವ ವ್ರತ, ಪಣ ತೊಡುವ ಮಾತು. ಟೊಂಕ ಕಟ್ಟುವುದು ಮೈ ಬಗ್ಗಿಸಿ ಮಾಡುವ ಕೆಲಸಕ್ಕೆ ಅಣಿಯಾಗುವ ಮಾತು. ಗರ್ಡ್ ಎರಡನೆಯದಕ್ಕೇ ಹತ್ತಿರ. ಇಂಗ್ಲಿಷ್ ಲೇಖನದಲ್ಲಿ ಯಾರಾದರೂ ಸೊಂಟ ಬಿಗಿದರು ಎಂದು ಬಂದಾಗ ಅನುವಾದಕರು ‘ಕಂಕಣಬದ್ಧರಾದರು’ ಎಂದರೆ ಅರ್ಥ ಒಂದು ಹೆಜ್ಜೆ ಆಚೆ ಸರಿಯುತ್ತದೆ.

ಸೊಂಟಕ್ಕೆ ಪಟ್ಟಿ ಬಂದ ಮೇಲೆ ಕತ್ತಿಯೂ ಅದರಲ್ಲೇ ತೂಗಿತು. ಹೀಗಾಗಿ ಕತ್ತಿ ಕಟ್ಟಿಕೊಳ್ಳುವುದಕ್ಕೂ ಗರ್ಡ್ ಎಂದೇ ಹೇಳುತ್ತಾರೆ. ನಡುಗಾಲದ ಯುರೋಪಿನಲ್ಲಿ ತರುಣನೊಬ್ಬನನ್ನು ನೈಟ್ ಪದವಿಗೆ ಏರಿಸುವಾಗ ಅವನ ನಡುವಿಗೆ ಕತ್ತಿಯ ಪಟ್ಟಿ ಕಟ್ಟುತ್ತಿದ್ದರು. ತುರ್ಕಿಯ ಆಟೊಮನ್ ಸುಲ್ತಾನರಿಗೆ ಕಿರೀಟಧಾರಣೆಯ ಪದ್ಧತಿ ಇರಲಿಲ್ಲ. ಹೊಸ ಸುಲ್ತಾನ ಇಸ್ತಾಂಬುಲ್‌ನ ಎಯುಪ್‌ಗೆ ಹೋಗಿ, ವಂಶದ ಮೂಲಪುರುಷ ಉಸ್ಮಾನನ ಹೆಸರಿನ ಕತ್ತಿಯನ್ನು ಸೊಂಟಕ್ಕೆ ಕಟ್ಟಿಸಿಕೊಳ್ಳುತ್ತಿದ್ದ, ಅದೇ ಪಟ್ಟಾಭಿಷೇಕ. ಕೊನೆಯ ಸುಲ್ತಾನ ಆರನೆಯ ಮೆಹ್ಮೆದ್ 1918ರಲ್ಲಿ ಹೀಗೆ ಕತ್ತಿ ಕಟ್ಟಿಸಿಕೊಂಡ. ಇಂಗ್ಲಿಷ್ ಚರಿತ್ರೆಯ ಪುಸ್ತಕಗಳಲ್ಲಿ ಈ ವಿಧಿಯನ್ನು ಹೇಳುವ ಕ್ರಿಯಾಪದ ಗರ್ಡ್. ಇದನ್ನು ‘ಸುತ್ತುವರಿದರು’ ಎಂದು ಕನ್ನಡಿಸಿದರೆ ಸುಲ್ತಾನನಿಗೆ ಮುತ್ತಿಗೆ ಬಿದ್ದಂತಾಗುತ್ತದೆ!

ಇನ್ನು ನಿಮ್ಮ ರಾಷ್ಟ್ರಗೀತೆಗೆ ಬರೋಣ. ಮನುಷ್ಯನ ಸೊಂಟದಲ್ಲಿದ್ದ ಪಟ್ಟಿಯನ್ನು ಕವಿಗಳು ನೆಲಕ್ಕೆ ತೊಡಿಸಿದರು. ದ್ವೀಪಕ್ಕೆ ಕಡಲೇ ಸೊಂಟಪಟ್ಟಿ, ಊರಿಗೆ ಕೋಟೆಗೋಡೆಯೇ ಸೊಂಟಪಟ್ಟಿ. ‘ಸೀ-ಗರ್ಟ್’ ಎಂಬ ಜೋಡುಪದ ಮಿಲ್ಟನ್ನನ 1634ರ ‘ಕೋಮಸ್’ ನಾಟಕದಲ್ಲಿ ದ್ವೀಪಗಳಿಗೆ ವಿಶೇಷಣವಾಗಿ ಬಂದಿದೆ. ಅಲ್ಲಿಂದಾಚೆ ಇಂಗ್ಲಿಷ್ ಕವಿಗಳಿಗೆ ಕಡಲು, ನಾಡು ಎಂದೊಡನೆ ಈ ಪದ ನೆನಪಾಗುವುದು ರೂಢಿಯಾಯಿತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಸಿಡ್ನಿಯಲ್ಲಿ ಮೇಷ್ಟ್ರಾಗಿದ್ದ ಪೀಟರ್ ಡಾಡ್ಸ್ ಮೆಕಾರ್ಮಿಕ್ ಈ ಗೀತೆ ಕಟ್ಟಿದಾಗ ಆ ರೂಢಿ ಜೀವಂತವಾಗಿತ್ತು. ಗೀತೆಯನ್ನು ಮೊದಲ ಬಾರಿ ಹಾಡಿದ್ದು 1878ರಲ್ಲಿ, ಸಿಡ್ನಿಯಲ್ಲಿ. ಅದು ರಾಷ್ಟ್ರಗೀತೆ ಎಂದು ಘೋಷಣೆಯಾದದ್ದು ನೂರಕ್ಕೂ ಹೆಚ್ಚು ವರ್ಷ ಕಳೆದು, 1984ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಪದ ಹಳತಾಗಿತ್ತು, ಹಾಡು ಮಾತ್ರ ಊರ್ಜಿತವಾಯಿತು. 2021ರ ಜನವರಿ 1ರಿಂದ ಗೀತೆಯ ಎರಡನೆಯ ಸಾಲಿನಲ್ಲಿ ನಾಡನ್ನು ಎಳೆಯದು ಎಂದು ಕರೆದಿದ್ದ ಪದವನ್ನು ತೆಗೆದು, ಒಂದು ಎಂಬರ್ಥದ ಪದ ಹಾಕಿದರು. ಅರವತ್ತು ಸಾವಿರ ವರ್ಷಕ್ಕೂ ಹಿಂದಿನಿಂದ ಮೂಲನಿವಾಸಿಗಳು ಬಾಳಿಬಂದ ನೆಲವನ್ನು ಎಳೆಯದು ಎನ್ನುವುದು ಸಲ್ಲದು ಎಂಬ ಆಕ್ಷೇಪ ಬಹಳ ಕಾಲದಿಂದ ಇತ್ತು. ಆ ತಿದ್ದುಪಡಿಯಲ್ಲೂ ಗರ್ಟ್ ಅಲುಗಲಿಲ್ಲ. ‘ಸರೌಂಡೆಡ್’ ಹಾಕಿದ್ದರೆ ಒಂದು ಉಚ್ಚಾರಾಂಶದ ಜಾಗಕ್ಕೆ ಮೂರು ಬಂದು ತಾಳ ಕೆಡುತ್ತಿತ್ತು. ಛಂದಸ್ಸು ಹಳೆಯ ಪದಗಳನ್ನು ಹೀಗೆ ಕಾಪಾಡುವುದು ಕನ್ನಡದ ಓದುಗರಿಗೂ ಗೊತ್ತಿರುವ ಸಂಗತಿಯೇ.

ಭೂಮಿಗೆ ಕಡಲಿನ ಡಾಬು ತೊಡಿಸುವ ಕಲ್ಪನೆ ಇಂಗ್ಲಿಷಿನವರೊಬ್ಬರದೇ ಅಲ್ಲ. ಸಂಸ್ಕೃತದಲ್ಲಿ ಭೂಮಿಗೆ ‘ಸಾಗರಮೇಖಲೆ’ ಎಂಬ ಹೆಸರಿದೆ. ಮೇಖಲೆ ಎಂದರೆ ಒಡ್ಯಾಣ. ಡಚ್ ಲೇಖಕ ಮುಲ್ತಾತುಲಿ 1860ರ ‘ಮ್ಯಾಕ್ಸ್ ಹಾವೆಲಾರ್’ ಕಾದಂಬರಿಯಲ್ಲಿ ಇಂದಿನ ಇಂಡೊನೇಷ್ಯಾದ ದ್ವೀಪಗಳನ್ನು ಭೂಮಧ್ಯರೇಖೆಗೆ ಸುತ್ತಿದ ಪಚ್ಚೆಯ ಡಾಬು ಎಂದು ಕಂಡ. ಅಲ್ಲಿ ಕಡಲು ದ್ವೀಪಕ್ಕಲ್ಲ, ದ್ವೀಪಗಳೇ ಭೂಮಿಗೆ ಪಟ್ಟಿಯಾದವು. ಅವನು ಬಳಸಿದ ‘ಗೊರ್ಡೆಲ್’ ಎಂಬ ಡಚ್ ಪದ ಇಂಗ್ಲಿಷಿನ ಗರ್ಡಲ್‌ನ ಒಡಹುಟ್ಟು. ಶೇಕ್ಸ್‌ಪಿಯರ್‌ನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಪಕ್ ಎಂಬ ತುಂಟ ಯಕ್ಷ ತನ್ನ ಒಡೆಯನಿಗೆ ಹೂವು ತರಲು ಹೊರಡುವಾಗ, ನಲವತ್ತು ನಿಮಿಷದಲ್ಲಿ ಭೂಮಿಗೆ ಒಂದು ಗರ್ಡಲ್ ಸುತ್ತಿ ಬರುತ್ತೇನೆ ಎಂದು ಜಂಬ ಕೊಚ್ಚುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲ ತಳದಲ್ಲಿ ತಂತಿ ಹಾಸಿದಾಗ ಭಾಷಣಕಾರರು ಪಕ್‌ನ ಈ ಮಾತನ್ನು ಮತ್ತೆ ಮತ್ತೆ ನೆನೆದರು. ಇಂದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಒಂದು ಸುತ್ತಿಗೆ ತೊಂಬತ್ತು ನಿಮಿಷ ಬೇಕು. ಪಕ್ ಇನ್ನೂ ಮುಂದಿದ್ದಾನೆ.

ಹಾಗಾದರೆ ಸರೌಂಡ್ ಇರುವಾಗ ಇದು ಯಾಕೆ? ಸರೌಂಡ್‌ಗೆ ಆಕಾರವಿಲ್ಲ. ನಟನನ್ನು ಅಭಿಮಾನಿಗಳು, ಮನೆಯನ್ನು ಮೌನ, ಮಂತ್ರಿಯನ್ನು ಸಮಸ್ಯೆಗಳು ಸರೌಂಡ್ ಮಾಡಬಹುದು. ‘ಎನ್‌ಸರ್ಕಲ್’ನಲ್ಲಿ ವೃತ್ತ ಇದೆ, ಹೆಚ್ಚಾಗಿ ಚಲನೆಯೂ ಇದೆ: ಪೊಲೀಸರು ಅಡಗುದಾಣವನ್ನು ಎನ್‌ಸರ್ಕಲ್ ಮಾಡುತ್ತಾರೆ. ‘ಎನ್‌ಕಂಪಾಸ್’ ಈಗ ಒಳಗೊಳ್ಳುವ ಕಡೆಗೆ ವಾಲಿದೆ: ಪಠ್ಯಕ್ರಮ ಹತ್ತು ವಿಷಯಗಳನ್ನು ಎನ್‌ಕಂಪಾಸ್ ಮಾಡುತ್ತದೆ. ‘ಬಿಸೀಜ್’ ಮುತ್ತಿಗೆ ಹಾಕುವುದು, ಅದರಲ್ಲಿ ಹಗೆತನ ಇದೆ. ಗರ್ಡ್‌ಗೆ ಮಾತ್ರ ಪಟ್ಟಿ ಬೇಕು. ಅದು ತುಂಡಾಗದೆ ಸುತ್ತಲೂ ಬಂದಿರಬೇಕು, ಒಳಗಿನದಕ್ಕೆ ಹತ್ತಿಕೊಂಡಿರಬೇಕು, ಅದರಿಂದ ಒಳಗಿನದಕ್ಕೆ ಬಲವೋ ಅಂದವೋ ಬಂದಿರಬೇಕು.

ನಮ್ಮ ಊರುಗಳನ್ನೇ ಇಟ್ಟು ಪರೀಕ್ಷೆ ಮಾಡಿ. ಚಿತ್ರದುರ್ಗದ ಬೆಟ್ಟವನ್ನು ಏಳು ಸುತ್ತಿನ ಕೋಟೆ ಗರ್ಡ್ ಮಾಡಿದೆ ಎನ್ನಬಹುದು. ಗೋಡೆ ಬೆಟ್ಟದ ಮೈಗೆ ಅಂಟಿಕೊಂಡು ಏರಿಳಿದು ಸುತ್ತಿದೆ, ಕಾಯುತ್ತಲೂ ಇದೆ. ಕಾವೇರಿ ಎರಡು ಕವಲಾಗಿ ಹರಿದು ಮತ್ತೆ ಕೂಡುವ ನಡುವೆ ಇರುವ ಶ್ರೀರಂಗಪಟ್ಟಣವನ್ನು ‘ರಿವರ್-ಗರ್ಟ್’ ಎಂದರೆ ಸೊಗಸು. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಗಳು ಸೀ-ಗರ್ಟ್. ಮೆಜೆಸ್ಟಿಕ್ ಬಸ್ ನಿಲ್ದಾಣದ ಸುತ್ತ ಇರುವ ಲಾಡ್ಜು, ಹೋಟೆಲುಗಳಿಗೆ ಮಾತ್ರ ಈ ಮಾತು ಒಗ್ಗುವುದಿಲ್ಲ. ಅವು ಸುತ್ತಮುತ್ತ ಇವೆ, ಅಷ್ಟೆ.

ಗರ್ಡಲ್ ಕೂಡ ಕ್ರಿಯಾಪದವಾಗುತ್ತದೆ. ಆದರೆ ಮರದ ವಿಷಯಕ್ಕೆ ಬಂದರೆ ಅದರ ಅರ್ಥ ಪೂರಾ ತಿರುಗಿಬೀಳುತ್ತದೆ. ಮರವನ್ನು ಗರ್ಡಲ್ ಮಾಡುವುದು ಎಂದರೆ ಕಾಂಡದ ಸುತ್ತ ಉಂಗುರದಂತೆ ತೊಗಟೆ ಕೆತ್ತಿ ತೆಗೆಯುವುದು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಒಳತೊಗಟೆಯಲ್ಲಿದೆ. ಅದು ಪೂರ್ತಿ ಸುತ್ತ ಕಡಿದುಹೋದರೆ ಬೇರು ಉಪವಾಸ ಬಿದ್ದು ಮರ ನಿಧಾನಕ್ಕೆ ಸಾಯುತ್ತದೆ. ಬರ್ಮಾದ ತೇಗದ ಕಾಡುಗಳಲ್ಲಿ ಇದನ್ನು ಬೇಕೆಂದೇ ಮಾಡುತ್ತಿದ್ದರು. ಹಸಿ ತೇಗ ಭಾರ ಹೆಚ್ಚಾಗಿ ನೀರಿನಲ್ಲಿ ತೇಲುವುದಿಲ್ಲ, ಹೊಳೆಯಲ್ಲಿ ಸಾಗಿಸಲು ಬರುವುದಿಲ್ಲ. ಅದಕ್ಕೇ ಬುಡದ ಹತ್ತಿರ ತೊಗಟೆಯ ಜೊತೆಗೆ ಅದರ ಒಳಗಿನ ಬಿಳಿ ಮರವನ್ನೂ ಸುತ್ತ ಕಡಿದು, ನೀರು ಏರುವ ದಾರಿಯನ್ನೂ ಮುಚ್ಚಿಬಿಡುತ್ತಿದ್ದರು. ಮರ ನಿಂತಲ್ಲೇ ಒಣಗುತ್ತಿತ್ತು. ಎರಡು ಮೂರು ವರ್ಷ ಬಿಟ್ಟು ಉರುಳಿಸಿ, ಆನೆಗಳಿಂದ ಎಳೆಸಿ, ದಿಮ್ಮಿಗಳನ್ನು ಹೊಳೆಗೆ ಬಿಡುತ್ತಿದ್ದರು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದ ಡೀಟ್ರಿಕ್ ಬ್ರಾಂಡಿಸ್ ಅದಕ್ಕೂ ಮೊದಲು ತೇಗದ ಕಾಡುಗಳ ಆಡಳಿತ ನಡೆಸಿದ್ದು ಬರ್ಮಾದಲ್ಲೇ. ಆ ಕಾಲದ ಅರಣ್ಯ ವರದಿಗಳಲ್ಲಿ ಗರ್ಡಲ್ ಕಂಡರೆ ಅಂದದ ಡಾಬನ್ನು ನೆನೆಯಬೇಡಿ, ಕೊಡಲಿಯನ್ನು ನೆನೆಯಿರಿ.

ಸೊಂಟಪಟ್ಟಿ ಇಂಗ್ಲಿಷಿಗೆ ಬೇರೆ ಬಾಗಿಲುಗಳಿಂದಲೂ ಬಂದಿದೆ. ‘ಝೋನ್’ ಎಂಬುದು ಗ್ರೀಕಿನಲ್ಲಿ ಸೊಂಟಪಟ್ಟಿಯೇ. ಭೂಗೋಳಕ್ಕೆ ಸುತ್ತಿದ ಹವಾಮಾನದ ಪಟ್ಟಿಗಳಿಗೆ ಆ ಹೆಸರು ಬಂತು. ನಾವು ಉಷ್ಣವಲಯ ಎನ್ನುವುದನ್ನು ಹಿಂದಿ, ಮರಾಠಿಗಳಲ್ಲಿ ಉಷ್ಣಕಟಿಬಂಧ ಎನ್ನುತ್ತಾರೆ. ಚುಟುಕಾಗಿ ಹೇಳುವುದಕ್ಕೆ ಇರುವ ‘ಸಕ್ಸಿಂಕ್ಟ್’ ಲ್ಯಾಟಿನ್ನಿನಲ್ಲಿ ಅಂಗಿ ಎತ್ತಿ ಕಟ್ಟಿದ ಎಂಬರ್ಥದ್ದು, ಅಂದರೆ ಕಚ್ಚೆ ಹಾಕಿದ ಮಾತು! ಮೈಯ ಒಂದು ಮಗ್ಗುಲಲ್ಲಿ ಪಟ್ಟಿಯಂತೆ ಗುಳ್ಳೆ ಏಳುವ ಕಾಯಿಲೆಗೆ ‘ಹರ್ಪಿಸ್ ಝೋಸ್ಟರ್’ ಎನ್ನುತ್ತಾರೆ, ಆಡುಮಾತಿನಲ್ಲಿ ‘ಶಿಂಗಲ್ಸ್’. ಗ್ರೀಕಿನ ಝೋಸ್ಟರ್ ಎಂದರೂ ಪಟ್ಟಿ, ಶಿಂಗಲ್ಸ್‌ನ ಲ್ಯಾಟಿನ್ ಮೂಲವೂ ಪಟ್ಟಿಯೇ. ಕನ್ನಡದ ಕಣ್ಣಿಗೆ ಅದೇ ಗುಳ್ಳೆಯ ಸಾಲು ಹಾವಿನಂತೆ ಕಂಡು ‘ಸರ್ಪಸುತ್ತು’ ಆಯಿತು.

ಈಗಿನ ಬಳಕೆ ಎಷ್ಟಿದೆ? ಮಾತಿನಲ್ಲಿ ಇಲ್ಲವೆಂದೇ ಹೇಳಬೇಕು. ಬರಹದಲ್ಲಿ ಎರಡು ಕಡೆ ಚೆನ್ನಾಗಿ ಉಸಿರಾಡುತ್ತಿದೆ. ಒಂದು, ಪ್ರವಾಸಕಥನ, ಚರಿತ್ರೆ, ಕಾದಂಬರಿಗಳ ವರ್ಣನೆಯಲ್ಲಿ. ಇನ್ನೊಂದು, ಪತ್ರಿಕೆಯ ತಲೆಬರಹದಲ್ಲಿ ‘ಗರ್ಡ್ ಫಾರ್’ ರೂಪದಲ್ಲಿ: ಚಂಡಮಾರುತಕ್ಕೆ, ಕಾನೂನು ಹೋರಾಟಕ್ಕೆ, ಬಿರುಸಿನ ಚುನಾವಣೆಗೆ ಸಜ್ಜಾಗುವುದು. ಮುಂದೆ ಕಷ್ಟ ಇದೆ ಎಂಬ ಸೂಚನೆ ಇದರಲ್ಲಿ ಇದ್ದೇ ಇರುತ್ತದೆ. ದಸರಾಕ್ಕೆ ಮೈಸೂರು ಸಜ್ಜಾಯಿತು ಎನ್ನಲು ಇದು ಬೇಡ, ‘ಗೆಟ್ ರೆಡಿ’ ಸಾಕು. ಸೊಂಟ ಬಿಗಿಯುವ ಪೂರ್ತಿ ನುಡಿಗಟ್ಟನ್ನಂತೂ ಈಗಿನ ಇಂಗ್ಲಿಷಿನವರು ಬಹುಪಾಲು ತುಟಿಯಂಚಿನ ನಗೆಯಿಟ್ಟೇ ಬಳಸುತ್ತಾರೆ, ಆಫೀಸಿನ ಇಮೇಲಿನಲ್ಲಿ ಗಂಭೀರವಾಗಿ ಬರೆದರೆ ಓದಿದವರು ಹುಬ್ಬೇರಿಸಬಹುದು. ‘ಗರ್ಡ್ ಅಟ್’ ಎಂಬ ಹಳೆಯ ಪ್ರಯೋಗವೊಂದಿದೆ. ಅದು ಹಂಗಿಸುವುದು, ಚುಚ್ಚಿ ಮಾತಾಡುವುದು ಎಂಬರ್ಥದ ಬೇರೆಯೇ ಪದ, ಶೇಕ್ಸ್‌ಪಿಯರ್ ಓದುವಾಗ ಮಾತ್ರ ಎದುರಾದೀತು.

ಕನ್ನಡದಲ್ಲಿ ಒಂದೇ ಪದಕ್ಕೆ ಗಂಟು ಬೀಳಬೇಡಿ. ಮನುಷ್ಯರು ಗರ್ಡ್ ಮಾಡಿಕೊಂಡರೆ ‘ಟೊಂಕ ಕಟ್ಟಿದರು’, ‘ನಡುಕಟ್ಟಿದರು’. ಕತ್ತಿಯಾದರೆ ‘ಸೊಂಟಕ್ಕೆ ಕಟ್ಟಿದರು’, ‘ಬಿಗಿದರು’. ನಾಡು, ಊರು, ದ್ವೀಪಗಳಿಗೆ ‘ಸುತ್ತುವರಿದ’ ಎಂದರೆ ಎಲ್ಲರಿಗೂ ತಿಳಿಯುತ್ತದೆ; ತುಸು ಏರುದನಿ ಬೇಕಿದ್ದರೆ ‘ವಲಯಿತ’ ಇದೆ. ನನಗೆ ಕೇಳಿದರೆ ‘ಬಳಸು’ ಎಲ್ಲಕ್ಕಿಂತ ಒಪ್ಪುವ ಕ್ರಿಯಾಪದ. ಹಳಗನ್ನಡದಿಂದಲೂ ಅದಕ್ಕೆ ಸುತ್ತುವ, ತಬ್ಬಿ ಹಿಡಿಯುವ ಅರ್ಥ ಇದೆ. ಈಗ ಉಪಯೋಗಿಸು ಎಂಬ ಅರ್ಥವೇ ಮುಂದಾಗಿದ್ದರೂ ‘ಬಳಸುದಾರಿ’, ‘ಸುತ್ತುಬಳಸಿ ಮಾತಾಡು’ ಎನ್ನುವಾಗ ಹಳೆಯ ಅರ್ಥ ಹಾಗೇ ಉಳಿದಿದೆ. ‘ಕಡಲು ಬಳಸಿದ ನಾಡು’ ಎಂದರೆ ಕಡಲು ನಾಡನ್ನು ಉಪಯೋಗಿಸಿತು ಎಂದು ಯಾರೂ ತಿಳಿಯಲಾರರು. ಶಾಲೆಯ ಮಕ್ಕಳಿಗೆ ಅರ್ಥ ಹೇಳುವಾಗ ಸುತ್ತುವರಿದದ್ದೇ ಇರಲಿ, ಪದ್ಯವಾಗಿ ಕನ್ನಡಕ್ಕೆ ತರುವವರು ಬಳಸಿದ್ದನ್ನು ಬಳಸಲಿ.